ಕುರಿಗಾರನ ಕೈಯೂ ಡಾಕ್ಟರ ಕಂಬಳಿಯೂ

ದವಾಖಾನೆಯಲ್ಲಿ ನಗು ಬರುವುದು ರೋಗಿ ಬದುಕುತ್ತಾನೆಂದು ಗೊತ್ತಾದ ಮೇಲೆಯೇ. ಬಂದಮೇಲೆ ಮಾತ್ರ ನಿಲ್ಲುವುದಿಲ್ಲ. ಮುಂಬಯಿ ರಾಜ್ಯದ ಕಾಲದಲ್ಲಿ ನಾನು ಜಮಖಂಡಿಯ ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಆಗ ಒಬ್ಬನೇ ರೋಗಿ ನಮ್ಮನ್ನು ಮತ್ತೆ ಮತ್ತೆ ನಗಿಸಿದ.

ನೋಯದ ಹುಣ್ಣು

ಆತ ಸಾವಳಗಿ ಕಡೆಯ ಕುರಿಗಾರ. ಸತ್ತ ಕುರಿಯ ಚರ್ಮ ಸುಲಿದಿದ್ದ. ಮುಂಗೈ ಮೇಲೆ ಇದ್ದಲಿನಂಥ ಕಪ್ಪು ಹುಣ್ಣು, ತೋಳೆಲ್ಲ ಬಾವು. ನೋವೇ ಇಲ್ಲವೆಂದು ಆತ ಮನೆಗೆ ಹೊರಟಿದ್ದ, ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ಪುಣೆಯಲ್ಲಿ ಕಲಿತು ಬಂದ ನಮ್ಮ ಹೊಸ ಡಾಕ್ಟರು ಹುಣ್ಣು ನೋಡಿ ಹಿಗ್ಗಿಬಿಟ್ಟರು. ಇದು ಕುರಿಗಳ ನೆರಡಿ ರೋಗ, ಇಂಗ್ಲಿಷಿನ ಆಂಥ್ರಾಕ್ಸ್, ಮನುಷ್ಯರಿಗೆ ಅಪರೂಪ, ಪುಸ್ತಕದಲ್ಲಷ್ಟೇ ನೋಡಿದ್ದೆ ಎಂದರು. ಮರುಗಳಿಗೆಯೇ ಅವರ ಮುಖ ಸಪ್ಪಗಾಯಿತು. ರಕ್ತಕ್ಕೆ ಇಳಿದರೆ ಆಳು ಉಳಿಯುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅವನ ಹಠ ಬಿಡಿಸಲು ಹುಣ್ಣಿನ ನೀರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ತೋರಿಸಿದರು. ಒಂದರ ಬೆನ್ನಿಗೊಂದು ನಿಂತ ಕ್ರಿಮಿಗಳನ್ನು ಆತ ಬಹಳ ಹೊತ್ತು ನೋಡಿದ.

“ಸಾಲು ತಪ್ಪದಂಗ ಹೊಂಟಾವ್ರಿ. ಕಾಯಾಂವ ಭಾಳ ಛಲೋ ಅದಾನ” ಎಂದು ಮೆಚ್ಚಿಕೊಂಡೇ ಮಂಚ ಹತ್ತಿದ.

ಭಂಡಾರ

ಪೆನ್ಸಿಲಿನ್ ಸೂಜಿ ಶುರುವಾಯಿತು. ಆದರೆ ಬೆಳಿಗ್ಗೆ ಪಟ್ಟಿ ಬಿಚ್ಚಿದರೆ ಹುಣ್ಣೆಲ್ಲ ಹಳದಿ. ಬೀರೇಶ್ವರನ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಹಚ್ಚಿಕೊಂಡಿದ್ದ. ಡಾಕ್ಟರು ಬೈಯಲಿಲ್ಲ, ಹುಣ್ಣೊಂದು ಬಿಟ್ಟು ಬೇರೆಲ್ಲಿ ಬೇಕಾದರೂ ಹಚ್ಚು ಎಂದರು. ಆತ ಒಪ್ಪಿ, ಸೂಜಿ ಚುಚ್ಚುವವರು ಅವರೇ ಆದ್ದರಿಂದ ಡಾಕ್ಟರ ಹಣೆಗೇ ಬಳಿದ. ಅವನು ಗುಣವಾಗುವ ತನಕ ಡಾಕ್ಟರು ಹಳದಿ ಹಣೆಯಲ್ಲೇ ವಾರ್ಡು ಸುತ್ತಿದರು. ಉಳಿದ ರೋಗಿಗಳು ನಾಡಿ ತೋರಿಸುವ ಮೊದಲು ಅವರಿಗೆ ಕೈಮುಗಿಯತೊಡಗಿದರು.

ಕಂಬಳಿ

ಅವನ ಕಂಬಳಿಯಲ್ಲೂ ಕ್ರಿಮಿ ಇರಬಹುದು, ಸುಟ್ಟುಬಿಡಿ ಎಂದರು ಡಾಕ್ಟರು. ದೇವರ ಮುಂದೆ ಹಾಸುವ ಕಂಬಳಿ, ಸುಡಬೇಡಿರೆಂದು ಹೆಂಡತಿ ಅತ್ತಳು. ಕೊನೆಗೆ ದೊಡ್ಡ ಹಂಡೆಯಲ್ಲಿ ಹಾಕಿ ಗಂಟೆಗಟ್ಟಲೆ ಕುದಿಸಿದೆವು. ಹೊರಬಂದದ್ದು ಕುಗ್ಗಿ ಕೂಸಿಗೆ ಹೊದಿಸುವಷ್ಟಿತ್ತು. ಆಕೆ ಅದರ ಅಳತೆ ನೋಡಿ ಮಡಚಿಟ್ಟುಕೊಂಡಳು.

ಕೈ ಉಳಿಯಿತು, ಜೀವ ಉಳಿಯಿತು. ಅವರು ಊರಿಗೆ ಹೊರಟ ದಿನ ನಾನೂ ಡಾಕ್ಟರೂ ಪೆನ್ಸಿಲಿನ್ನಿಗೂ ಬೀರೇಶ್ವರನಿಗೂ ಸೇರಿಸಿಯೇ ಕೈಮುಗಿದೆವು.

ಮುಂದೆ ಉಣ್ಣೆ ಕತ್ತರಿಸುವ ಕಾಲ ಕಳೆದ ಮೇಲೆ ಗಂಡಹೆಂಡಿರು ಮತ್ತೆ ಬಂದರು. ಅದೇ ಕೈಯಿಂದ ಗಂಡ ನೂತ ಉಣ್ಣೆಯ ಹೊಸ ಕಂಬಳಿ ತಂದಿದ್ದರು. ಡಾಕ್ಟರಿಗೆ ಹೊದಿಸಿದರೆ ಅದರ ತುದಿ ಪಡಸಾಲೆ ದಾಟಿ ಅಂಗಳಕ್ಕೆ ಬಿತ್ತು, ಡಾಕ್ಟರೇ ಕಾಣದಾದರು. ಇಷ್ಟು ದೊಡ್ಡದು ಯಾಕಪ್ಪಾ ಎಂದು ಒಳಗಿನಿಂದ ಅವರ ದನಿ ಕೇಳಿತು.

ಅಂದು ಅಳತೆ ನೋಡಿದ್ದ ಹೆಂಡತಿಯೇ ಉತ್ತರ ಕೊಟ್ಟಳು.

“ನೀವು ಕುದಿಸದ ಬಿಡೂ ಮಂದಿ ಅಲ್ರಿ. ಕುದಿಸಿದ ಮ್ಯಾಲ ನಿಮಗ ಸರಿ ಆಕ್ಕೈತಿ.”