ಮೂವತ್ತಾರು ಇಂಚು

ಕೆಂಪಪ್ಪ ಮೇಷ್ಟ್ರ ಸಿಟ್ಟು ನೆತ್ತಿಗೇರಲು ಆ ಬೆಳಿಗ್ಗೆ ಒಂದು ಅಳತೆ ಟೇಪು ಸಾಕಾಯಿತು.

"ನಲವತ್ಮೂರು," ಎಂದರು ಡಾಕ್ಟರ್ ಶ್ರೀಲತಾ, ಅವರ ಹೊಟ್ಟೆಯಿಂದ ಟೇಪು ಬಿಚ್ಚುತ್ತ.

"ನಿಮ್ಮ ಟೇಪು ಸರಿ ಇಲ್ಲ. ನನ್ನ ಸೊಂಟ ಮೂವತ್ತಾರು. ರಿಟೈರ್ ಆದ ದಿನವೂ ಅಷ್ಟೇ, ಇವತ್ತೂ ಅಷ್ಟೇ."

ಸೊರಬದ ಬಸ್ ಸ್ಟ್ಯಾಂಡ್ ಎದುರಿನ ಸಮುದಾಯ ಭವನದಲ್ಲಿ ಅರವತ್ತು ದಾಟಿದವರ ಮೂಳೆ ತಪಾಸಣೆ ನಡೆದಿತ್ತು. ಡ್ರಿಲ್ ಮೇಷ್ಟ್ರಾಗಿದ್ದ ಕೆಂಪಪ್ಪ ಇಂಥದ್ದಕ್ಕೆಲ್ಲ ಬರುವವರಲ್ಲ. ಹಿಂದಿನ ವಾರ ಇದೇ ಬಸ್ ಸ್ಟ್ಯಾಂಡ್ ಮುಂದೆ ಮೊಪೆಡ್‌ನಿಂದ ಬಿದ್ದಿದ್ದರು. ಹೊಟ್ಟೆ ಮೊದಲು ನೆಲ ಮುಟ್ಟಿದ್ದರಿಂದ ಮೂಳೆ ಉಳಿಯಿತು ಎಂದು ಊರೆಲ್ಲ ಸಾರಿದ್ದರು. ಹೆಂಡತಿ ವರದಮ್ಮ ನಂಬಲಿಲ್ಲ. ಮೊಪೆಡ್ಡನ್ನು ಭವನದ ಪಕ್ಕದ ಗುಲಾಬ್ ಸಾಬರ ಟೈಲರ್ ಅಂಗಡಿ ಮುಂದೆಯೇ ನಿಲ್ಲಿಸಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡುಬಿಟ್ಟರು. "ಮೂಳೆ ಗಟ್ಟಿ ಇದೆ ಅಂತ ಡಾಕ್ಟ್ರು ಹೇಳ್ಲಿ, ಕೊಡ್ತೀನಿ." ಯಾರ ಅಪ್ಪಣೆಯನ್ನೂ ಕೇಳದೆ ಬದುಕಿದ ಮನುಷ್ಯನಿಗೆ ಆ ಒಂದು ವಾರ ಜೈಲುವಾಸವೇ ಆಗಿತ್ತು.

"ಹೊಟ್ಟೆ ಮೂಳೆಗೆ ದಿಂಬಲ್ಲ ಸರ್," ಎಂದರು ಶ್ರೀಲತಾ. "ಒಳಗೆ ಸೇರಿದ ಕೊಬ್ಬು ಸುಮ್ನೆ ಕೂರಲ್ಲ. ವಯಸ್ಸಾದ ಮೇಲೆ ಮೂಳೆ ಸವೆಯೋಕೂ ಅದು ಕಾರಣ ಆಗಬಹುದು. ಅದಕ್ಕೇ ಸೊಂಟನೂ ಅಳೀತೀವಿ."

"ಮೇಷ್ಟ್ರೆ, ಉಸಿರು ಬಿಟ್ಟು ಇನ್ನೊಂದ್ಸಲ ಅಳಿಸ್ಕಳಿ," ಎಂದರು ಸಾಲಿನಲ್ಲಿದ್ದ ಪಕ್ಕದ ಮನೆಯ ನಿಂಗಮ್ಮ.

"ಉಸಿರು ಬಿಟ್ರೆ ಆ ಟೇಪು ಸಾಲಲ್ಲ ಕಣಮ್ಮ," ಎಂದ ಎದುರು ಮನೆಯ ವೀರೇಶ.

ಮೇಷ್ಟ್ರು ಟೇಪು ಕಿತ್ತುಕೊಂಡು ಕಿಟಕಿಯಾಚೆ ಎಸೆದರು. "ಕರೀರಿ ಗುಲಾಬ್ ಸಾಬ್ರನ್ನ. ಹನ್ನೆರಡು ವರ್ಷದಿಂದ ನನ್ನ ಪ್ಯಾಂಟು ಹೊಲಿಯೋದು ಅವ್ರು. ಅವ್ರು ಹೇಳಿದ್ದೇ ಅಳತೆ."

ಇಂಥ ಕೆಲಸವೆಂದರೆ ವೀರೇಶನ ಕಾಲಿಗೆ ಚಕ್ರ. ಕೊರಳಲ್ಲಿ ಟೇಪು, ಕಂಕುಳಲ್ಲಿ ಅಳತೆ ಪುಸ್ತಕದ ಸಮೇತ ಸಾಬರನ್ನು ಎಳೆದು ತಂದ. ಸಾಬರು ಮೇಷ್ಟ್ರ ಸೊಂಟಕ್ಕೆ ಟೇಪು ಸುತ್ತಿ, ಕತ್ತೆತ್ತಿ ಮೇಲಿನ ಫ್ಯಾನು ನೋಡುತ್ತ, "ಮೂವತ್ತಾರು," ಎಂದರು.

ಅಂಗಡಿಯಲ್ಲೂ ಅವರು ಹೀಗೇ ಫ್ಯಾನು ನೋಡಿ ಅಳತೆ ಹೇಳುತ್ತಿದ್ದುದು ಮೇಷ್ಟ್ರಿಗೆ ಈಗ ನೆನಪಾಯಿತು. ಅಷ್ಟರಲ್ಲಿ ವೀರೇಶ ಪುಸ್ತಕ ಬಿಚ್ಚಿ ಓದತೊಡಗಿದ್ದ. "ಕೆಂಪಪ್ಪ ಮೇಷ್ಟ್ರು. ಮೂವತ್ತಾರು, ಮೂವತ್ತೆಂಟು, ಮೂವತ್ತೊಂಬತ್ತೂವರೆ, ನಲವತ್ತೊಂದು, ನಲವತ್ಮೂರು."

"ಸಾಬ್ರೆ, ಇಷ್ಟು ವರ್ಷ ನನಗೆ ಸುಳ್ಳು ಹೇಳಿದ್ರಾ?"

"ಬಾಯಲ್ಲಿ ಮಾತ್ರ ಮೇಷ್ಟ್ರೆ. ಬಟ್ಟೆ ಸರಿಯಾಗೇ ಹೊಲ್ದಿದೀನಿ. ಒಂದ್ಸಲ ಮೂವತ್ತೆಂಟು ಅಂದಿದ್ದಕ್ಕೆ ನನ್ನ ಕತ್ರಿ ಚರಂಡಿಗೆ ಎಸೆದ್ರಲ್ಲ? ಆಮೇಲೆ ವರದಮ್ಮಕ್ಕನೇ ಬಂದು, ಇನ್ಮೇಲೆ ಮೂವತ್ತಾರು ಅಂತಲೇ ಹೇಳಿ ಅಂದ್ರು."

ಮೇಷ್ಟ್ರು ಜೊತೆಗೆ ಬಂದಿದ್ದ ಹೆಂಡತಿಯ ಕಡೆ ತಿರುಗಿದರು. ಮೈಯೆಲ್ಲ ಉರಿಯುತ್ತಿತ್ತು.

"ಮತ್ತಿನ್ನೇನು ಮಾಡ್ಲಿ?" ಎಂದರು ವರದಮ್ಮ. ಅವರ ಸಿಟ್ಟೂ ಇಷ್ಟು ವರ್ಷ ಕಾದಿತ್ತು. "ನಿಮಗೆ ನಿಜ ಹೇಳಿ ಆ ದಿನ ನೆಮ್ಮದಿಯಾಗಿ ಊಟ ಮಾಡಿದೋರು ಯಾರಿದಾರೆ?"

ಮೇಷ್ಟ್ರು ಹಲ್ಲು ಕಡಿಯುತ್ತ ಚಪ್ಪಲಿ ಬಿಟ್ಟು ಹಿಮ್ಮಡಿಯನ್ನು ಮೂಳೆ ಪರೀಕ್ಷಿಸುವ ಯಂತ್ರದೊಳಗೆ ತುರುಕಿದರು. ಅದು ಗುಂಯ್ ಎಂದಿತು. ಶ್ರೀಲತಾ ಅಂಕಿ ನೋಡಿದರು. ವರದಮ್ಮ ಬಗ್ಗಿ ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿದರು.

"ಏನ್ ಬಂತು? ನಿಜ ಹೇಳಿ," ಎಂದು ಮೇಷ್ಟ್ರು ಮೇಜು ಗುದ್ದಿದರು.

"ಗಟ್ಟಿ ಇದೆ ಸರ್," ಎಂದ ಶ್ರೀಲತಾ ಚೀಟಿ ಮಡಚಿ ವರದಮ್ಮನ ಕೈಗೆ ಕೊಟ್ಟರು.

"ಕೊಡು ಕೀಲಿ."

ವರದಮ್ಮ ಒಲ್ಲದ ಮನಸ್ಸಿನಿಂದ ಗಂಟು ಬಿಚ್ಚಿ ಕೊಟ್ಟರು. ಗೆದ್ದ ಮೇಷ್ಟ್ರು ಎಲ್ಲರ ಮುಖ ನೋಡಲು ತಿರುಗಿದರು. ಒಬ್ಬರ ಮುಖವೂ ಸಿಗಲಿಲ್ಲ. ಗುಲಾಬ್ ಸಾಬರು ಫ್ಯಾನು ನೋಡುತ್ತಿದ್ದರು. ನಿಂಗಮ್ಮ, ವೀರೇಶ, ವರದಮ್ಮ, ಕೊನೆಗೆ ಡಾಕ್ಟರು ಕೂಡ ಅದನ್ನೇ ನೋಡುತ್ತಿದ್ದರು. ಫ್ಯಾನು ತಿರುಗುತ್ತಲೂ ಇರಲಿಲ್ಲ.

ಚೀಟಿ ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ. ಮೂರು ಮೆಟ್ಟಿಲನ್ನು ಗೋಡೆ ಹಿಡಿದು ಇಳಿದರು. ಸಾಬರ ಅಂಗಡಿ ಮುಂದಿದ್ದ ಮೊಪೆಡ್ ಹತ್ತಿ, ಕೀಲಿ ಹಾಕಿ, ರಸ್ತೆಯ ಟಾರು ನೋಡಿದರು. ಮೆಲ್ಲಗೆ ಇಳಿದು ಮನೆಯ ಕಡೆ ತಳ್ಳತೊಡಗಿದರು.

"ಯಾಕ್ರೀ ತಳ್ತಿದೀರಿ?" ಎಂದು ಹಿಂದಿನಿಂದ ವರದಮ್ಮ ಕೇಳಿದರು.

ಮೇಷ್ಟ್ರು ಕತ್ತೆತ್ತಿ ಮೇಲೆ ನೋಡಿದರು. ಅಲ್ಲಿ ಫ್ಯಾನಿರಲಿಲ್ಲ, ಬರೀ ಆಕಾಶ.

"ಪೆಟ್ರೋಲ್ ಇಲ್ಲ," ಎಂದರು.