ಮೋಡ ನೋಡುತ್ತಾ ಪೆಡಲ್ ತುಳಿದಾಗ

ನಮ್ಮ ಮನೆಯಲ್ಲಿ ಯಾರಾದರೂ ಆರೋಗ್ಯ ಸುಧಾರಿಸಿಕೊಳ್ಳಲು ಹೊರಟರೆ ಮೊದಲು ಕೆಡುವುದು ಅಕ್ಕಪಕ್ಕದವರ ನೆಮ್ಮದಿ. ಒಂದು ಸಲ ಆಗಿ ಮುಗಿಯುವ ಸಂಗತಿಯೂ ಅಲ್ಲ ಇದು. ನೆಗಡಿಯ ಹಾಗೆ, ಹೋಯಿತು ಅನ್ನುವಷ್ಟರಲ್ಲಿ ಮತ್ತೆ ಬಂದಿರುತ್ತದೆ.

ನಾನು ಸೊರಬದ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ತವರು ಶಿಕಾರಿಪುರ. ಮನೆಯಲ್ಲಿ ಇರುವುದು ನಾನು, ಯಜಮಾನರು, ಅತ್ತೆ. ಯಜಮಾನರಿಗೆ ಪೇಟೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇದೆ. ಆದರೆ ಅವರ ಜೀವವೆಲ್ಲ ಹೊಸ ಹೊಸ ಯಂತ್ರಗಳಲ್ಲಿ. ನನ್ನ ಜೀವ ಯಾವಾಗ ಎಲ್ಲಿರುತ್ತದೆಂದು ನನಗೇ ಗೊತ್ತಿರುವುದಿಲ್ಲ. ಮಾತಾಡುತ್ತಿರುವವರ ಬೆನ್ನ ಹಿಂದೆ ಒಂದು ಬಿಳಿ ಮೋಡ ಕಂಡರೆ ಸಾಕು, ನಾನು ಅದರ ಜೊತೆ ಹೊರಟುಬಿಟ್ಟಿರುತ್ತೇನೆ. ಮಂಡಿ ನೋವೆಂದು ತೋರಿಸಲು ಹೋದಾಗಲೂ ಹಾಗೇ ಆಯಿತು. ಡಾಕ್ಟರು ಬಹಳ ಹೊತ್ತು ಏನೇನೋ ಹೇಳಿದರು. ಕಿಟಕಿಯಾಚೆಯಿಂದ ನಾನು ವಾಪಸ್ಸು ಬರುವಷ್ಟರಲ್ಲಿ ಕೊನೆಯ ಮಾತೊಂದೇ ಉಳಿದಿತ್ತು: "ಒಟ್ಟಿನಲ್ಲಿ ಸೈಕಲ್ ಹೊಡೀರಿ ಮೇಡಂ."

ಏನು ಕಷ್ಟ ಬಂತೋ

ಸೈಕಲ್ ಬಂತು. ಸೈಕಲ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಗೇರ್ ಎಷ್ಟಾದರೂ ಇರಲಿ, ನಾವು ಬಳಸುವುದು ಒಂದನ್ನೇ. ಸೀಟು ಅಗಲ ಇರಬೇಕು, ಬೆಲ್ಲು ಜೋರಾಗಿರಬೇಕು, ಮುಂದೆ ಬುಟ್ಟಿ ಇರಲೇಬೇಕು. ಬುಟ್ಟಿ ಇಲ್ಲದ ಸೈಕಲ್ ಅಂದರೆ ಜೇಬಿಲ್ಲದ ಅಂಗಿ.

ಸ್ಕೂಟರನ್ನು ಮನೆಯಲ್ಲೇ ಬಿಟ್ಟು ಮೊದಲ ದಿನ ಶಾಲೆಗೆ ಹೊರಟೆ. ಗಾಳಿ ತಣ್ಣಗಿತ್ತು. ಹದಿನೈದು ವರ್ಷದ ಹುಡುಗಿಯಾಗಿಬಿಟ್ಟೆ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಹೂವಿನ ಅಂಗಡಿಯಾಕೆ ಕೂಗಿದಳು: "ಟೀಚರ್ರೇ, ಗಾಡಿ ಕೆಟ್ಟೋಯ್ತಾ?" ಇಲ್ಲವೆಂದು ತಲೆಯಾಡಿಸಿದೆ. ಆಕೆಯ ಮುಖ ಇನ್ನೂ ಸಣ್ಣದಾಯಿತು. ಕೆಟ್ಟಿಲ್ಲ ಅಂದರೆ ಮಾರಿದ್ದಾರೆ ಅಂತಲೇ ಅರ್ಥ! ಬಸ್‌ಸ್ಟ್ಯಾಂಡಿನ ಹತ್ತಿರ ಕಂಡಕ್ಟರೊಬ್ಬರು ಹೊರಟಿದ್ದ ಬಸ್ಸನ್ನೇ ನಿಲ್ಲಿಸಿ, "ಹತ್ತಿ ಮೇಡಂ, ಸೈಕಲ್ಲು ಬಸ್ಸಿನ ಟಾಪ್ ಮೇಲೆ ಹಾಕ್ತೀನಿ, ಟಿಕೆಟ್ ಗಿಕೆಟ್ ಏನೂ ಬ್ಯಾಡ" ಅಂದರು. ಅವರ ದನಿಯಲ್ಲಿದ್ದ ಕನಿಕರಕ್ಕೆ ನನಗೇ ನನ್ನ ಮೇಲೆ ಅಯ್ಯೋ ಅನಿಸಿತು.

ಸುದ್ದಿ ಆ ಬಸ್ಸಿನಲ್ಲೇ ಶಿಕಾರಿಪುರಕ್ಕೆ ಹೋಗಿರಬೇಕು. ಸಂಜೆ ಅವ್ವನ ಫೋನು ಬಂತು.

"ಏನಾತವ್ವಾ ನಿಮ್ಗೆ? ಸ್ಕೂಟರ್ ಮಾರಿ ಸೈಕಲ್ ಮ್ಯಾಲೆ ಓಡಾಡ್ತೀಯಂತೆ?"

"ಏನೂ ಆಗಿಲ್ಲವ್ವ, ಡಾಕ್ಟ್ರು ಹೇಳಿದ್ದು."

ಆ ಕಡೆ ಅಳು ಶುರುವಾಯಿತು.

"ಅಯ್ಯೋ ಶಿವನೇ! ಸ್ಕೂಟರ್ ಮಾರೋವಷ್ಟು ಫೀಸ್ ಕೇಳಿದ್ನಾ ಅವ್ನು!"

ತೂಕದ ಯಂತ್ರ

ನಾನು ಸೈಕಲ್ ಹತ್ತಿದ್ದೇ ಯಜಮಾನರಿಗೂ ಹುರುಪು ಬಂತು. ಆದರೆ ಅವರು ಹತ್ತಿದ್ದು ತೂಕದ ಯಂತ್ರ. ಗಾಜಿನದು, ಬಚ್ಚಲಿನ ಮಣೆಯಷ್ಟು ಅಗಲ. ಅದರ ಮೇಲೆ ಬರಿಗಾಲಲ್ಲಿ ನಿಂತರೆ ತೂಕ, ಕೊಬ್ಬು, ನೀರು ಎಲ್ಲ ಅಳೆದು ಫೋನಿಗೆ ಕಳಿಸುತ್ತದೆ. ಅಷ್ಟು ಸಾಲದೆಂದು, ನಿಮ್ಮ ದೇಹಕ್ಕೆ ನಿಜವಾಗಿ ಎಷ್ಟು ವಯಸ್ಸಾಗಿದೆ ಎಂದೂ ಹೇಳುತ್ತದೆ. ಯಂತ್ರಗಳ ಬಗ್ಗೆ ನನ್ನದೊಂದು ನಿಲುವು: ಕೇಳಿದ್ದನ್ನು ಹೇಳುವ ಯಂತ್ರ ಒಳ್ಳೆಯದು, ಕೇಳದ್ದನ್ನೂ ಹೇಳುವ ಯಂತ್ರ ನೆಂಟರ ಸಮ.

ಯಜಮಾನರು ನಿಂತರು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ ಅವರಿಗೆ ಎಪ್ಪತ್ತು ವರ್ಷ ಅಂದಿತು. ಅವರಿಗಿನ್ನೂ ಐವತ್ತಮೂರು. "ಹೊಸದಲ್ಲವಾ, ಇನ್ನೂ ಸೆಟ್ ಆಗಿಲ್ಲ" ಎಂದು ಇಳಿದರು.

ಅಂಗಳ ಗುಡಿಸುತ್ತಿದ್ದ ಅತ್ತೆ ಪೊರಕೆ ಮೂಲೆಗಿಟ್ಟು ಬಂದು, ಕಾಲು ಒರೆಸಿಕೊಂಡು, ಯಂತ್ರಕ್ಕೊಂದು ಕೈ ಮುಗಿದು ಹತ್ತಿದರು. ಅವರಿಗೆ ಎಂಬತ್ತು ಹತ್ತಿರ. ಯಂತ್ರ ಅರವತ್ತೈದು ಅಂದಿತು.

ಅತ್ತೆ ಮೆಲ್ಲಗೆ ಇಳಿದರು. ಸೆರಗು ಸರಿಮಾಡಿಕೊಂಡು ಮಗನ ಮುಂದೆ ತಲೆ ಬಗ್ಗಿಸಿ ನಿಂತರು.

"ಏನಮ್ಮಾ ಇದು?"

"ಹಂಗಾರೆ ನೀನೇ ದೊಡ್ಡೋನಾದ್ಯಲ್ಲ ಮಾರಾಯ. ಆಶೀರ್ವಾದ ಮಾಡು."

ಕೆರೆ ಏರಿಯ ಮೇಲೆ

ಆಮೇಲೆ ಯಜಮಾನರು ನನ್ನ ಫೋನಿಗೆ ಒಬ್ಬಳು ತರಬೇತುದಾರಳನ್ನು ಹಾಕಿಕೊಟ್ಟರು. ಅಚ್ಚ ಕನ್ನಡದ ದನಿ. ಸೈಕಲ್ ಹೊಡೆಯುವಾಗ ಆಗಾಗ ಮಾತಾಡಿ ಹುರಿದುಂಬಿಸುತ್ತಾಳೆ. ಫೋನನ್ನು ಬುಟ್ಟಿಯಲ್ಲಿಟ್ಟು, ದನಿ ಪೂರ್ತಿ ಏರಿಸಿ, ಬೆಳಿಗ್ಗೆ ಕೆರೆ ಏರಿಯ ಮೇಲೆ ಹೊರಟೆ.

ಮಂಜು ನೀರಿನಿಂದ ಹೊಗೆಯ ಹಾಗೆ ಏಳುತ್ತಿತ್ತು. ಕೆರೆ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಒಂದು ಬೆಳ್ಳಕ್ಕಿ ನೀರಿನ ಮೇಲೆ ಹಾರುತ್ತಿತ್ತೋ, ನೀರೊಳಗೆ ಹಾರುತ್ತಿತ್ತೋ. ನಾನೂ ಅದರ ಹಿಂದೆ ಹೋದೆ. ಕಾಲು ತನ್ನಷ್ಟಕ್ಕೆ ಪೆಡಲ್ ತುಳಿಯುತ್ತಿತ್ತು. ಬುಟ್ಟಿಯಲ್ಲಿದ್ದವಳು ಏನೋ ಹೇಳುತ್ತಿದ್ದಳು, ನನಗೆ ಕೇಳಿಸುತ್ತಿರಲಿಲ್ಲ.

ಕೇಳಿಸುತ್ತಿದ್ದದ್ದು ನನ್ನ ಮುಂದೆ ನಡೆದು ಹೋಗುತ್ತಿದ್ದ ಹಳ್ಳಿಯವನೊಬ್ಬನಿಗೆ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹಾಲಿನ ಕ್ಯಾನು. ಮಂಜಿನಲ್ಲಿ ಹಿಂದೆ ಯಾರಿದ್ದಾರೆಂದು ಕಾಣದು. "ಬಹಳ ನಿಧಾನವಾಯಿತು, ವೇಗ ಹೆಚ್ಚಿಸಿ" ಅಂದಳಂತೆ. ಆತ ಬಿರಬಿರನೆ ನಡೆದ. "ಇನ್ನೂ ಸ್ವಲ್ಪ, ನಿಮ್ಮಿಂದ ಸಾಧ್ಯ" ಅಂದಳಂತೆ. ಆತ ಕ್ಯಾನು ಎದೆಗವಚಿಕೊಂಡು ಓಡತೊಡಗಿದ. ನಾನು ಬೆಳ್ಳಕ್ಕಿಯ ಜೊತೆಗಿದ್ದೆ.

ಏರಿ ಮುಗಿಯುವಲ್ಲಿ ಆತ ಕಲ್ಲಿನ ಮೇಲೆ ಕುಸಿದು ಕೂತ. ಆಗಲೇ ನಾನು ಎಚ್ಚೆತ್ತು ಬ್ರೇಕ್ ಹಾಕಿದ್ದು. ಬುಟ್ಟಿಯಲ್ಲಿದ್ದವಳು ಮೃದುವಾಗಿ, "ಶಭಾಶ್. ಈಗ ನೀರು ಕುಡಿಯಿರಿ" ಅಂದಳು.

ಆತ ಏದುಸಿರು ಬಿಡುತ್ತಾ ಕೈಮುಗಿದ. "ನೀರು ಆಮ್ಯಾಲೆ ಕುಡಿತೀನಿ ತಾಯಿ. ಓಡ್ಸಿದ್ದು ಯಾಕೆ, ಅದು ಹೇಳು."

ಚಂದ್ರಗುತ್ತಿ ದಾರಿಯಲ್ಲಿ

ಇದು ಮೊನ್ನೆ ಮೊನ್ನೆಯ ಭಾನುವಾರದ್ದು.

ನಾನು ದಾರಿಯಲ್ಲಿ ಕನಸು ಕಾಣುತ್ತೇನೆಂದು ಯಜಮಾನರಿಗೆ ಒಳಗೇ ಒಂದು ಹೆದರಿಕೆ. ಅದಕ್ಕೇ ಹ್ಯಾಂಡಲ್ಲಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಕೂರಿಸಿದರು. ಸೈಕಲ್ ಬಿದ್ದರೆ ಅದು, ಎಲ್ಲಿ ಬಿತ್ತೆಂಬುದರ ಸಮೇತ, ಅವರ ಫೋನಿಗೆ ತಿಳಿಸುತ್ತದೆ. ಅದನ್ನು ತಿರುಗಿಸಿ ಬಿಗಿ ಮಾಡಿ, ಅಲ್ಲಾಡಿಸಿ ನೋಡಿ, ಮತ್ತೊಮ್ಮೆ ಬಿಗಿ ಮಾಡಿದರು. ನನಗೆ ಅದು ಇಷ್ಟವಾಯಿತು.

ಚಂದ್ರಗುತ್ತಿಯ ಗುಡ್ಡ ನೋಡಿ ಬರುತ್ತೇನೆಂದು ಬೆಳಿಗ್ಗೆ ಹೊರಟೆ. ಅರ್ಧ ದಾರಿಗೆ ಬಿಸಿಲೇರಿತು. ರಸ್ತೆ ಪಕ್ಕ ದೊಡ್ಡದೊಂದು ಮಾವಿನ ಮರ, ಕೆಳಗೆ ಚಾಪೆ ಹಾಸಿದಂಥ ಹುಲ್ಲು. ಸೈಕಲ್ಲನ್ನು ಮರಕ್ಕೆ ಒರಗಿಸಿ, ಫೋನಿನ ಸದ್ದು ಅಡಗಿಸಿ ಮಲಗಿದೆ. ಎಲೆಗಳ ಸಂದಿಯಲ್ಲಿ ಮೋಡಗಳು ಒಂದೊಂದೇ ದಾಟಿಹೋಗುತ್ತಿದ್ದವು. ಎಷ್ಟನೆಯದರ ಜೊತೆ ನಾನು ಹೋದೆನೋ ತಿಳಿಯಲಿಲ್ಲ. ಕನಸಿನಲ್ಲಿ ಸೈಕಲ್ಲಿಗೆ ಚಕ್ರವೇ ಇರಲಿಲ್ಲ. ಗುಡ್ಡದ ನೆತ್ತಿಯ ಮೇಲೆ ಹತ್ತಿಯಂತೆ ತೇಲುತ್ತಿದ್ದೆ.

ಆ ಹೊತ್ತಿನಲ್ಲೇ ಗಾಳಿಗೋ ಏನೋ ಸೈಕಲ್ ಬಿತ್ತು.

ಯಜಮಾನರು ಗಡ್ಡ ಹೆರೆಯುತ್ತಿದ್ದರಂತೆ. ಫೋನ್ ನೋಡಿದವರೇ ನನಗೆ ಮೇಲಿಂದ ಮೇಲೆ ಫೋನ್ ಮಾಡಿದ್ದಾರೆ. ನಾನು ಎತ್ತಲಿಲ್ಲ. ಮನೆ ಮುಂದೆ ನಿಂತಿದ್ದ ಗೂಡ್ಸ್ ಆಟೋದ ಡ್ರೈವರನ್ನು ಎಬ್ಬಿಸಿ, ಅತ್ತೆಯನ್ನು ಹಿಂದೆ ಹತ್ತಿಸಿಕೊಂಡು ಬಂದಿದ್ದಾರೆ. ಅತ್ತೆ ಓಣಿಗೆಲ್ಲ ಕೇಳುವಂತೆ, "ನಮ್ಮ ಸೊಸೆ ಚಂದ್ರಗುತ್ತಿ ದಾರೀಲಿ ಬಿದ್ಲು!" ಎಂದು ಅತ್ತುಕೊಂಡೇ ಹೊರಟರಂತೆ.

ಬಂದು ನೋಡಿದರೆ ಸೈಕಲ್ ಬಿದ್ದಿದೆ, ಪಕ್ಕದಲ್ಲಿ ನಾನೂ ಬಿದ್ದಿದ್ದೇನೆ. ಯಜಮಾನರು ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು, "ಕಣ್ಣು ಬಿಡೇ, ನಿನ್ನ ದಮ್ಮಯ್ಯ, ಇನ್ನು ಯಾವ ಯಂತ್ರಾನೂ ತರಲ್ಲ" ಎಂದು ಅಳುತ್ತಿದ್ದರು. ಡ್ರೈವರು ಕ್ಯಾನಿನಲ್ಲಿದ್ದ ನೀರನ್ನು ಪೂರ್ತಿ ನನ್ನ ಮುಖಕ್ಕೆ ಸುರಿದ. ಕನಸಿನಲ್ಲಿ ಮಳೆ ಬಂತು. ಕಣ್ಣು ಬಿಟ್ಟೆ. ಮೇಲೆ ಅರ್ಧ ನೊರೆ, ಅರ್ಧ ಕಣ್ಣೀರಿನ ಮುಖ.

"ಎಲ್ಲಿಗೆ ಪೆಟ್ಟಾಯ್ತು?"

"ಯಾರಿಗೆ?"

"ಬಿದ್ಯಲ್ಲ!"

"ನಾನಲ್ಲರೀ, ಸೈಕಲ್ಲು. ನಾನು ಮಲಗಿದ್ದೆ."

ಯಜಮಾನರು ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ನನ್ನ ಪಕ್ಕದಲ್ಲೇ ಅಂಗಾತ ಮಲಗಿಬಿಟ್ಟರು. ಅತ್ತೆ ಸೊಂಟ ಹಿಡಿದುಕೊಂಡು ಸುತ್ತ ನೋಡಿ, "ನೆರಳು ತಂಪಾಗೈತೆ" ಎಂದು ಆ ಕಡೆ ಮಗ್ಗುಲಾದರು. ಡ್ರೈವರೂ ಮರದ ಬೇರಿಗೆ ತಲೆ ಕೊಟ್ಟ. ಮೋಡಗಳು ಹೋಗುತ್ತಲೇ ಇದ್ದವು. ಸ್ವಲ್ಪ ಹೊತ್ತಿಗೆ ನಾಲ್ಕೂ ಜನಕ್ಕೆ ಜೋಂಪು ಹತ್ತಿತು.

ಅತ್ತೆಯ ಅಳು ಕೇಳಿದ್ದ ಓಣಿಯವರು ಕಾರೊಂದನ್ನು ಹೊಂದಿಸಿಕೊಂಡು ಅಷ್ಟೊತ್ತಿಗೆ ಬಂದು ಮುಟ್ಟಿದರು. ಅವರಿಗೆ ಕಂಡದ್ದು ಇಷ್ಟು: ಬಿದ್ದ ಸೈಕಲ್ಲು, ರಸ್ತೆಯಂಚಿಗೆ ಓರೆಯಾಗಿ ನಿಂತ ಆಟೋ, ಹುಲ್ಲಿನ ಮೇಲೆ ಸಾಲಾಗಿ ಅಲ್ಲಾಡದೆ ಬಿದ್ದಿರುವ ನಾಲ್ಕು ಜನ. ಪಕ್ಕದ ಮನೆಯಾಕೆ ಎದೆ ಎದೆ ಬಡಿದುಕೊಂಡು, "ಅಯ್ಯೋ ದೇವ್ರೇ, ನೋಡಕ್ಕೆ ಬಂದೋರೂ ಹೋದ್ರಲ್ಲಪ್ಪೋ!" ಎಂದು ಕಿರುಚಿದಳು.

ಅತ್ತೆ ಕಣ್ಣು ಬಿಡಲಿಲ್ಲ. ಮಗ್ಗುಲು ಬದಲಿಸಿ ಕೈಯಲ್ಲಿ ಪಕ್ಕದ ಹುಲ್ಲು ತಟ್ಟಿ ತೋರಿಸಿದರು.

"ಅಳೋದು ಆಮ್ಯಾಲೆ ಅಳಬಹುದು ಮಾರಾಯ್ತಿ. ಇತ್ಲಾಗೆ ಇನ್ನೂ ಜಾಗ ಐತೆ, ಮಲ್ಕಳ್ರಿ."