ದರ್ಜಿ ಕೆಲಸ ಕತ್ತಿನಿಂದ ಕೆಳಗೆ

ಹೆಂಡತಿ: ಇಲ್ಲ ಅಂದ್ರೆ ಇಲ್ಲ. ಹೋಗಿ ಹೋಗಿ ನನ್ನ ಅಣ್ಣನ ಮೇಲೆ ದೂರು, ಅದನ್ನ ನನ್ನ ಕೈಯಲ್ಲೇ ಬರೆಸ್ತೀರಾ?

ದರ್ಜಿ: ನನ್ನ ಅಕ್ಷರ ನಿಂಗೊತ್ತಲ್ಲ, ಕೋಳಿ ಕೆದರಿದ ಹಾಗೆ. ನಾನು ಬರೆದ್ರೆ ಆಫೀಸಿನೋರು ಇದ್ಯಾವ ಪೈಜಾಮದ ನಕ್ಷೆ ಅಂತಾರೆ.

ಮೇಜಿನ ಮೇಲೆ ಕಾರ್ಮಿಕ ಕಚೇರಿಯ ಫಾರಂ ಬಾಯಿ ತೆರೆದುಕೊಂಡು ಬಿದ್ದಿತ್ತು. ದರ್ಜಿ ಇಷ್ಟು ದಿನ ಸೂಜಿ ಹಿಡಿದದ್ದು ಹೆಂಡತಿಯ ಅಣ್ಣನ ಅಂಗಡಿಯಲ್ಲಿ. ಮೊನ್ನೆ ಆ ಭಾವನೇ ಕೆಲಸದಿಂದ ಕಿತ್ತುಹಾಕಿದ್ದ. ಅಂದಿನಿಂದ ದರ್ಜಿಗೆ ಕೈ ಎಲ್ಲಿಡಬೇಕೆಂದೇ ತೋಚದು. ಪರದೆ, ದಿಂಬು, ಕೊನೆಗೆ ಒರೆಸುವ ಬಟ್ಟೆಗೂ ಅಂಚು ಹೊಲಿದು ಮುಗಿಸಿದ್ದ. ಇನ್ನೊಂದು ದಿನ ಬಿಟ್ಟರೆ ತನ್ನನ್ನೂ ಹೊಲಿದಾನು ಎಂದು ಹೆಂಡತಿ ಪೆನ್ನು ಎತ್ತಿಕೊಂಡಳು.

ಹೆಂಡತಿ: ಹೇಳಿ. ‘ಎದುರುದಾರರ ವಿವರ.’

ದರ್ಜಿ: ಬರಿ. ಮುಂಗೋಪಿ, ಹಠಮಾರಿ, ಬೋಳುತಲೆ...

ಹೆಂಡತಿ: ವಿಳಾಸ ಕೇಳಿದ್ದಾರೆ ರೀ, ವರ್ಣನೆ ಅಲ್ಲ. ಅಲ್ಲದೆ ಅಣ್ಣನದು ಬೋಳುತಲೆ ಅಲ್ಲ. ಹಣೆ ಸ್ವಲ್ಪ ಅಗಲ.

ದರ್ಜಿ: ಅಗಲ ಅಂದ್ರೆ, ಆ ಹಣೆ ಬೆನ್ನಿಗೆ ಬಂದು ಮುಟ್ಟಿದೆ ಕಣೇ!

ಹೆಂಡತಿ: ‘ಕೆಲಸದಿಂದ ತೆಗೆದುಹಾಕಲು ಕಾರಣ.’

ದರ್ಜಿ: ಕೋಟು.

ಹೆಂಡತಿ: ಕೋಟು ಹೇಗ್ರೀ ಕೆಲಸದಿಂದ ತೆಗೆಯುತ್ತೆ?

ದರ್ಜಿ: ಗಿರಾಕಿ ಒಬ್ಬರು ಹೊಸ ಕೋಟು ತೊಟ್ಟು ಕನ್ನಡಿ ಮುಂದೆ ನಿಂತರು. ‘ಹೇಗೆ ಕಾಣ್ತೀನಿ?’ ಅಂದ್ರು. ನಾನು, ‘ಕೋಟು ಚೆನ್ನಾಗಿದೆ ಸಾರ್’ ಅಂದೆ.

ಹೆಂಡತಿ: ಹೊಗಳಿದಿರಲ್ಲ, ತಪ್ಪೇನು?

ದರ್ಜಿ: ‘ಕೋಟಿರಲಿ, ನಾನು?’ ಅಂದ್ರು. ‘ಕೋಟು ತುಂಬಾನೇ ಚೆನ್ನಾಗಿದೆ ಸಾರ್’ ಅಂದೆ. ಅಲ್ಲಿಗೆ ಬಿಡಬಾರದಾ? ಮತ್ತೆ ಕೇಳಿದ್ರು! ಸುಳ್ಳು ಹೇಳೋಕೆ ನಾಲಿಗೆ ಹೊರಳಲಿಲ್ಲ. ‘ಸಾರ್, ದರ್ಜಿ ಕೆಲಸ ಕತ್ತಿನಿಂದ ಕೆಳಗೆ ಮಾತ್ರ’ ಅಂದುಬಿಟ್ಟೆ.

ಹೆಂಡತಿ ಥಟ್ಟನೆ ಕಿಟಕಿಯ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು. ದರ್ಜಿ ಎದ್ದು ಅವಳ ಪಕ್ಕಕ್ಕೆ ಬಂದ.

ದರ್ಜಿ: ಅಳಬೇಡ ಕಣೇ. ನಮಗೂ ಒಳ್ಳೆ ಕಾಲ ಬರುತ್ತೆ.

ಹೆಂಡತಿ (ಕಣ್ಣೊರೆಸಿಕೊಂಡು, ನಗು ನುಂಗಿ): ಅಳ್ತಿಲ್ಲ, ಬಿಡಿ. ಅಣ್ಣ ಏನಂದ?

ದರ್ಜಿ: ‘ನಾಳೆಯಿಂದ ನಿಮ್ಮ ಮುಖ ನನ್ನ ಅಂಗಡೀಲಿ ಕಾಣಬಾರದು’ ಅಂದ್ರು.

ಅವಳು ಏನೇನೋ ಉದ್ದಕ್ಕೆ ಬರೆದಳು.

ಹೆಂಡತಿ: ‘ಯಾವ ಪರಿಹಾರ ಕೋರುತ್ತೀರಿ?’

ದರ್ಜಿ: ನಿಮ್ಮಣ್ಣ ನನ್ನ ಕಾಲು ಮುಟ್ಟಿ ಕ್ಷಮೆ ಕೇಳ್ಬೇಕು.

ಹೆಂಡತಿ: ಅವನಿಗೆ ಸೊಂಟ ನೋವು. ಬಗ್ಗೋಕಾಗಲ್ಲ.

ದರ್ಜಿ: ಹಾಗಾದ್ರೆ ಅರ್ಜಿದಾರರು ಸ್ಟೂಲ್ ಹತ್ತಿ ನಿಲ್ಲೋಕೆ ಸಿದ್ಧ ಅಂತ ಬರಿ.

ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಭಾವನೇ ನುಗ್ಗಿದ. ಅವನ ಕೈಯಲ್ಲೂ ಒಂದು ಫಾರಂ.

ಭಾವ: ತಂಗೀ, ಬೇಗ ಇದನ್ನ ತುಂಬಿಸಿಕೊಡಮ್ಮ. ಹೇಳದೆ ಕೇಳದೆ ಕೆಲಸ ಬಿಟ್ಟು ಓಡಿಹೋದವನ ಮೇಲೆ ದೂರು.

ಹೆಂಡತಿ: ಯಾರಣ್ಣ ಓಡಿಹೋದೋರು?

ಭಾವ: ಇಗೋ, ಬಾಯಿ ಬಿಟ್ಕೊಂಡು ಕೂತಿದ್ದಾರಲ್ಲ, ನಿನ್ನ ಗಂಡ!

ದರ್ಜಿ: ನಾನಾ? ಮುಖ ಕಾಣಬಾರದು ಅಂದೋರು ಯಾರು ಭಾವ?

ಭಾವ: ಗಿರಾಕಿಗಳಿಗೆ ಕಾಣಬಾರದು ಅಂದೆ ಭಾವ! ಒಳಕೋಣೇಲಿ ಕೂತು ಹೊಲೀರಿ ಅಂತ. ನೀವು ಒಳಗೆ ಹೋಗೋದು ಬಿಟ್ಟು ಮನೆಗೇ ಬಂದಿರಿ. ಅಲ್ಲಿ ಪ್ಯಾಂಟುಗಳೆಲ್ಲ ಒಂಟಿ ಕಾಲಲ್ಲಿ ನಿಂತಿವೆ!

ಹೆಂಡತಿ ಮುಚ್ಚಿಡುವ ಮುಂಚೆಯೇ ಭಾವ ಮೇಜಿನ ಫಾರಂ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದ.

ಭಾವ: ‘ಎದುರುದಾರರು ಹೃದಯವಂತರು. ಅವರ ಕೋಪ ಅವರಿಗಿಂತ ಮೊದಲು ಅಂಗಡಿ ಬಾಗಿಲು ತೆರೆಯುವುದಷ್ಟೇ ತೊಂದರೆ. ಅರ್ಜಿದಾರರು ಸತ್ಯವಂತರು. ಅದರ ಕಷ್ಟವನ್ನು ಮನೆಯವರೂ ಸಾಕಷ್ಟು ಉಂಡಿದ್ದಾರೆ.’

ಗಂಡಸರಿಬ್ಬರೂ ತಮ್ಮನ್ನು ಹೊಗಳಿದ್ದೋ ಬೈದದ್ದೋ ತಿಳಿಯದೆ ಮುಖ ಮುಖ ನೋಡಿಕೊಂಡರು.

ಭಾವ: ಆಹಾ! ಚುಚ್ಚಿದ್ದೂ ಗೊತ್ತಾಗಲ್ಲ, ನೋವೂ ಇಲ್ಲ. ಗಿರಾಕಿ ಮುಂದೆ ಇಂಥ ಮಾತೇ ಬೇಕು. ನಾಳೆಯಿಂದ ಕನ್ನಡಿ ಹತ್ರ ನೀನೇ ನಿಂತ್ಕೊಳ್ಳಮ್ಮ.

ಹೆಂಡತಿ: ನಿಂತ್ಕೋತೀನಿ. ಒಳಕೋಣೆಯೋರು ಯಾರ ಮಾತು ಕೇಳ್ಬೇಕು?

ಭಾವ: ನಿನ್ನದೇ.

ಅವಳು ಎರಡೂ ಫಾರಂಗಳನ್ನು ಸೇರಿಸಿ ಪರಪರನೆ ಹರಿದಳು.

ಹೆಂಡತಿ: ಕೇಳಿಸ್ತಾ ರೀ? ಬೆಳಿಗ್ಗೆ ಅಂಗಡಿ ತೆರೆಯೋ ಮುಂಚೆ ಹಾಜರಿರ್ಬೇಕು. ತಡ ಆಯ್ತು ಅಂದ್ರೆ ನಾನು ಅಣ್ಣನಷ್ಟು ಮೃದು ಅಲ್ಲ.

ಅವಳು ಒಳಗೆ ಹೋದಳು. ದರ್ಜಿ ಮೆಲ್ಲಗೆ ಭಾವನ ಪಕ್ಕಕ್ಕೆ ಸರಿದ.

ದರ್ಜಿ: ಭಾವ, ಯಜಮಾನರ ಮೇಲೆ ದೂರು ಕೊಡೋಕೆ ಈ ಫಾರಂ. ಹೆಂಡತೀನೇ ಯಜಮಾನಿ ಆದ್ರೆ ಯಾವ ಫಾರಂ?

ಭಾವ (ಬಾಗಿಲ ಕಡೆ ನೋಡಿ, ಪಿಸುದನಿಯಲ್ಲಿ): ಮೆಲ್ಲಗೆ ಮಾತಾಡಿ ಭಾವ. ಮದುವೆ ಆದಾಗಿನಿಂದ ನಾನೂ ಅದನ್ನೇ ಹುಡುಕ್ತಿದ್ದೀನಿ.